ಒಂದೇ ಫೋನು, ಒಂದೇ ಕ್ಯಾಮೆರಾ: ಒಂದು ಫೋಟೊ 2 ಎಂಬಿ, ಇನ್ನೊಂದು 8 ಎಂಬಿ ಯಾಕೆ?

ಪ್ರಶ್ನೆ: ಮಗಳ ಎರಡು ಫೋಟೊ ತೆಗೆದೆ. ಒಂದೇ ಫೋನು, ಸೆಟ್ಟಿಂಗ್ಸ್ ಏನೂ ಬದಲಿಸಿಲ್ಲ. ಮೊದಲನೆಯದರಲ್ಲಿ ಅವಳು ಬಿಳಿ ಗೋಡೆಯ ಮುಂದೆ ನಿಂತಿದ್ದಾಳೆ. ಎರಡನೆಯದು ಹತ್ತು ಹೆಜ್ಜೆ ಆಚೆ ತೆಗೆದದ್ದು, ಹಿಂದೆ ಪೂರ್ತಿ ಗಿಡಮರ. ಎರಡೂ 4032×3024 ಅಂತಲೇ ತೋರಿಸುತ್ತವೆ. ಆದರೆ ಮೊದಲನೆಯದು 2.1 ಎಂಬಿ, ಎರಡನೆಯದು 7.8 ಎಂಬಿ. ಮೊದಲನೆಯದರ ಕ್ವಾಲಿಟಿ ಕಮ್ಮಿ ಆಗಿದೆಯಾ? ನನಗೆ ಇಷ್ಟವಾದದ್ದು ಅದೇ. 12×9 ಇಂಚಿನ ಪ್ರಿಂಟ್ ಹಾಕಿಸಿ ಫ್ರೇಮ್ ಮಾಡಿಸಬೇಕು ಅಂತಿದ್ದೇನೆ. ಇನ್ನೊಂದು ವಿಷಯ. ತಂಗಿಯ ಫೋನಿನ ಕ್ಯಾಮೆರಾ 50 ಮೆಗಾಪಿಕ್ಸೆಲ್, ಆದರೂ ಅವಳ ಫೋಟೊಗಳ ಸೈಜ್ ನನ್ನವಕ್ಕಿಂತ ಕಡಿಮೆ. ವಾಟ್ಸಾಪ್‌ನಲ್ಲಿ ಕಳಿಸಿದರೆ ನನ್ನ ಫೋಟೊ 200 ಕೆಬಿಗೆ ಇಳಿಯುತ್ತದೆ, ಆದರೂ ನೋಡಲು ಒಂದೇ ಥರ ಇರುತ್ತದೆ. ಯಾವ ಲೆಕ್ಕವೂ ತಿಳಿಯುತ್ತಿಲ್ಲ.

ಉತ್ತರ: ಮೊದಲು ಗಾಬರಿ ಬಿಡಿ. ನಿಮ್ಮ ಫೋನಿಗೂ ಏನೂ ಆಗಿಲ್ಲ, ಆ 2.1 ಎಂಬಿ ಫೋಟೊಗೂ ಏನೂ ಆಗಿಲ್ಲ. ದೊಡ್ಡ ಫೈಲ್ ಅಂದರೆ ಒಳ್ಳೆಯ ಫೋಟೊ ಅಂತ ನಂಬಿರುವವರು ತುಂಬಾ ಜನ ಇದ್ದಾರೆ. ಆ ಅಳತೆಗೋಲು ಸರಿಯಿಲ್ಲ. ಫೈಲ್ ಸೈಜ್ ಹೇಳುವುದು ಬೇರೆಯದೇ ಸಂಗತಿ. ಕಣ್ಣೆದುರು ಇದ್ದದ್ದನ್ನು ಬರೆದಿಡಲು ಫೋನಿಗೆ ಎಷ್ಟು ಮಾತು ಬೇಕಾಯಿತು ಅನ್ನುವುದನ್ನು ಅದು ಹೇಳುತ್ತದೆ. ಗೋಡೆಗೆ ಕಡಿಮೆ ಮಾತು ಸಾಕು. ಗಿಡಮರಕ್ಕೆ ಸಾಲದು.

ಒಂದು ಸಣ್ಣ ಲೆಕ್ಕದಿಂದ ಶುರು ಮಾಡೋಣ. ನಿಮ್ಮ ಫೋಟೊದಲ್ಲಿ ಒಂದು ಬದಿಗೆ 4032 ಚುಕ್ಕಿ, ಇನ್ನೊಂದು ಬದಿಗೆ 3024 ಚುಕ್ಕಿ. ಗುಣಿಸಿದರೆ 1,21,92,768. ಇದನ್ನೇ 12 ಮೆಗಾಪಿಕ್ಸೆಲ್ ಅನ್ನುವುದು. ಪ್ರತಿ ಚುಕ್ಕಿಗೂ ಕೆಂಪು ಎಷ್ಟು, ಹಸಿರು ಎಷ್ಟು, ನೀಲಿ ಎಷ್ಟು ಅಂತ ಮೂರು ಅಂಕಿ. ಒಂದೊಂದು ಅಂಕಿಗೆ ಒಂದು ಬೈಟ್. ಒಟ್ಟು 3,65,78,304 ಬೈಟ್, ಅಂದರೆ ಸುಮಾರು 36.6 ಎಂಬಿ. ಇದ್ದದ್ದನ್ನು ಇದ್ದ ಹಾಗೇ ಬರೆದಿಟ್ಟರೆ ಗೋಡೆಯ ಫೋಟೊ ಕೂಡ 36.6 ಎಂಬಿ, ಗಿಡಮರದ್ದೂ 36.6 ಎಂಬಿ. ಒಂದು ಬೈಟೂ ಆಚೀಚೆ ಇಲ್ಲ.

ಆದ್ದರಿಂದ ನಿಜವಾಗಿ ಕೇಳಬೇಕಾದದ್ದು ಇದು: ಎರಡೂ ಇಷ್ಟು ಚಿಕ್ಕದಾದದ್ದು ಹೇಗೆ? ಮತ್ತು ಒಂದು ಇನ್ನೊಂದಕ್ಕಿಂತ ಜಾಸ್ತಿ ಕುಗ್ಗಿದ್ದು ಯಾಕೆ?

ಫೋನಿನಲ್ಲಿ ಯಾರಿಗೋ ಎರಡು ಬಟ್ಟೆಗಳನ್ನು ವಿವರಿಸಬೇಕು ಅಂದುಕೊಳ್ಳಿ. ಮೊದಲನೆಯದು ಅಚ್ಚ ಬಿಳಿ. "ಎರಡು ಮೀಟರ್, ಪೂರ್ತಿ ಬಿಳಿ" ಅಂದರೆ ಮುಗಿಯಿತು. ಎರಡನೆಯದರ ತುಂಬ ಹೂವು, ಬಳ್ಳಿ, ಎಲೆ. ಒಂದರ ಹಾಗೆ ಇನ್ನೊಂದಿಲ್ಲ. ಅದನ್ನು ಕೇಳುವವರು ಹಾಗೇ ಬಿಡಿಸಬೇಕಾದರೆ ನೀವು ಅರ್ಧ ಗಂಟೆ ಮಾತಾಡಬೇಕು. ಎರಡೂ ಎರಡೇ ಮೀಟರ್. ಬಿಳಿ ಬಟ್ಟೆಯ ವಿವರಣೆ ಚಿಕ್ಕದು ಅಂತ ಬಟ್ಟೆ ಕಳಪೆಯೇನಲ್ಲ, ಅಲ್ವಾ? ನಿಮ್ಮ ಫೋನ್ ಮಾಡಿದ್ದು ಇಷ್ಟೇ. ಈ ಕುಗ್ಗಿಸುವ ಕೆಲಸಕ್ಕೆ ಕಂಪ್ರೆಷನ್ ಅನ್ನುತ್ತಾರೆ.

ಇದು ಹೇಗೆ ನಡೆಯುತ್ತದೆ ಅಂತ ಸ್ವಲ್ಪ ಹತ್ತಿರದಿಂದ ನೋಡೋಣ. ನಿಮ್ಮ ಪ್ರಶ್ನೆಗೆ ಉತ್ತರ ಇರುವುದೇ ಅಲ್ಲಿ.

ಹೆಚ್ಚಿನ ಫೋನುಗಳು ಇಂದಿಗೂ ಫೋಟೊ ಉಳಿಸುವುದು ಜೆಪೆಗ್ ಅನ್ನುವ ರೂಪದಲ್ಲಿ. ಅದರ ನಿಯಮ ಸಿದ್ಧವಾದದ್ದು 1992ರಲ್ಲಿ. ಮೂವತ್ತು ವರ್ಷ ದಾಟಿದರೂ ಅದು ಹಳತಾಗಿಲ್ಲ. ಜೆಪೆಗ್ ಮೊದಲು ಬೆಳಕನ್ನೂ ಬಣ್ಣವನ್ನೂ ಬೇರೆ ಬೇರೆ ಮಾಡುತ್ತದೆ. ನಮ್ಮ ಕಣ್ಣು ಬೆಳಕು ನೆರಳಿನ ಸಣ್ಣ ವ್ಯತ್ಯಾಸವನ್ನು ಥಟ್ಟನೆ ಹಿಡಿಯುತ್ತದೆ, ಬಣ್ಣದ ಸಣ್ಣ ವ್ಯತ್ಯಾಸವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಹಾಗಾಗಿ ಬೆಳಕಿನ ಅಂಕಿಯನ್ನು ಪ್ರತಿ ಚುಕ್ಕಿಗೂ ಇಟ್ಟುಕೊಂಡು, ಬಣ್ಣದ ಎರಡು ಅಂಕಿಗಳನ್ನು ಸಾಮಾನ್ಯವಾಗಿ ನಾಲ್ಕು ಚುಕ್ಕಿಗೆ ಒಂದೇ ಜೋಡಿ ಅಂತ ಹಂಚುತ್ತಾರೆ. ನಾಲ್ಕು ಚುಕ್ಕಿಗೆ ಹನ್ನೆರಡು ಅಂಕಿ ಬೇಕಿದ್ದ ಕಡೆ ಆರು ಸಾಕು. ಇಲ್ಲಿಗೇ ಅರ್ಧ ಉಳಿಯಿತು. ಆದರೆ ಈ ಉಳಿತಾಯ ಗೋಡೆಗೂ ಗಿಡಕ್ಕೂ ಒಂದೇ. ವ್ಯತ್ಯಾಸ ಹುಟ್ಟುವುದು ಮುಂದಿನ ಹಂತದಲ್ಲಿ.

ಫೋಟೊವನ್ನು ಎಂಟು ಚುಕ್ಕಿ ಅಗಲ, ಎಂಟು ಚುಕ್ಕಿ ಎತ್ತರದ ಪುಟ್ಟ ಚೌಕಗಳಾಗಿ ಕತ್ತರಿಸುತ್ತಾರೆ. ನಿಮ್ಮ ಫೋಟೊದಲ್ಲಿ ಅಂಥ ಚೌಕಗಳು ಒಂದು ಬದಿಗೆ 504, ಇನ್ನೊಂದು ಬದಿಗೆ 378. ಒಟ್ಟು 1,90,512. ಪ್ರತಿ ಚೌಕದಲ್ಲಿ ಬೆಳಕಿನ 64 ಅಂಕಿಗಳು. ಗೋಡೆಯ ಮೇಲಿನ ಒಂದು ಚೌಕ ತೆಗೆದುಕೊಳ್ಳಿ. ಅದರ ಒಂದು ಸಾಲು ಹೀಗಿರಬಹುದು: 201, 202, 201, 201, 202, 202, 201, 202. ಉಳಿದ ಏಳು ಸಾಲುಗಳೂ ಇದೇ ಥರ.

ಈಗ ಈ 64 ಅಂಕಿಗಳನ್ನು ಬೇರೆ 64 ಅಂಕಿಗಳಾಗಿ ಬದಲಿಸುತ್ತಾರೆ. ಮೊದಲ ಅಂಕಿ ಚೌಕದ ಸರಾಸರಿ ಬೆಳಕನ್ನು ಹೇಳುತ್ತದೆ. ಉಳಿದ 63 ಅಂಕಿಗಳು ಆ ಸರಾಸರಿಯ ಮೇಲೆ ಬೆಳಕು ಎಷ್ಟು ಏರಿಳಿಯುತ್ತಿದೆ ಅನ್ನುವುದನ್ನು ಹೇಳುತ್ತವೆ: ಮೊದಲು ನಿಧಾನದ ಏರಿಳಿತ, ಆಮೇಲೆ ಜೋರಿನದು, ಕೊನೆಗೆ ಚುಕ್ಕಿ ಚುಕ್ಕಿಗೂ ಬದಲಾಗುವಂಥದ್ದು. ಈ ಲೆಕ್ಕಕ್ಕೆ ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್ ಅಂತ ಹೆಸರು. ನಾಸಿರ್ ಅಹ್ಮದ್, ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಇದನ್ನು 1974ರಲ್ಲಿ ಪ್ರಕಟಿಸಿದರು. ಆಗ ಡಿಜಿಟಲ್ ಕ್ಯಾಮೆರಾವೇ ಮಾರುಕಟ್ಟೆಯಲ್ಲಿ ಇರಲಿಲ್ಲ. ಇವತ್ತು ನಾವು ದಿನಾ ತೆಗೆಯುವ, ಕಳಿಸುವ, ನೋಡುವ ಫೋಟೊಗಳ ಹಿಂದೆ ಆ ಮೂವರ ಲೆಕ್ಕ ಕೂತಿದೆ. ಇದನ್ನು ಯೋಚಿಸಿದಾಗಲೆಲ್ಲ ನನಗೆ ಅವರ ಮೇಲೆ ಅಪಾರ ಗೌರವ ಬರುತ್ತದೆ.

ಆಮೇಲೆ ಆ ಅಂಕಿಗಳನ್ನು ಒಂದು ಕೋಷ್ಟಕದ ಪ್ರಕಾರ ಭಾಗಿಸಿ, ಹತ್ತಿರದ ಪೂರ್ಣ ಸಂಖ್ಯೆಗೆ ತರುತ್ತಾರೆ. ಜೆಪೆಗ್ ನಿಯಮದಲ್ಲೇ ಉದಾಹರಣೆಗೆ ಕೊಟ್ಟಿರುವ ಕೋಷ್ಟಕ ಹಿಡಿದರೆ ನಮ್ಮ ಗೋಡೆಯ ಚೌಕದ ಮೊದಲ ಅಂಕಿ 37 ಆಗುತ್ತದೆ. ಉಳಿದ 63 ಜಾಗಗಳಲ್ಲಿ ಬರೀ ಸೊನ್ನೆ. ಪಕ್ಕದ ಚೌಕದಲ್ಲೂ 37 ಇದ್ದರೆ ಅದನ್ನೂ ಮತ್ತೆ ಬರೆಯಬೇಕಿಲ್ಲ. "ಹಿಂದಿನದೇ" ಅನ್ನಲು ಎರಡು ಬಿಟ್, "ಇಲ್ಲಿಂದಾಚೆ ಎಲ್ಲ ಸೊನ್ನೆ" ಅನ್ನಲು ನಾಲ್ಕು ಬಿಟ್. ಒಂದು ಬೈಟ್ ಅಂದರೆ ಎಂಟು ಬಿಟ್, ಹಾಗಾಗಿ 64 ಅಂಕಿಗೆ 512 ಬಿಟ್ ಬೇಕಿದ್ದ ಚೌಕ ಬರೀ ಆರು ಬಿಟ್‌ನಲ್ಲಿ ಮುಗಿಯಿತು!

ಈಗ ಎಲೆಗಳ ಮೇಲಿನ ಚೌಕ. ಒಂದು ಸಾಲು ಹೀಗಿದೆ ಅನ್ನಿ: 34, 180, 62, 211, 48, 97, 165, 20. ಎಲೆಯ ಅಂಚು, ನಡುವೆ ತೂರಿಬಂದ ಬಿಸಿಲು, ಹಿಂದಿನ ನೆರಳು, ಮತ್ತೊಂದು ಎಲೆ. ಮುಂದಿನ ಸಾಲು ಬೇರೆಯೇ. ಇಲ್ಲಿ ಭಾಗಿಸಿದ ಮೇಲೂ ಎಷ್ಟೋ ಅಂಕಿಗಳು ಸೊನ್ನೆಯಾಗದೆ ಉಳಿಯುತ್ತವೆ. ಉಳಿದ ಒಂದೊಂದನ್ನೂ ಬರೆಯಲೇಬೇಕು. ಪಕ್ಕದ ಚೌಕ ನೋಡಿ ಇದನ್ನು ಊಹಿಸಲು ಸಾಧ್ಯವೇ ಇಲ್ಲ. ಇಂಥ ಚೌಕಗಳು ಸಾವಿರಾರು ಸೇರಿದಾಗ 7.8 ಎಂಬಿ ಆಗುತ್ತದೆ.

ಹಾಗಾದರೆ ಗೋಡೆಯ ಫೋಟೊ ಇನ್ನೂ ಚಿಕ್ಕದಾಗಬೇಕಿತ್ತಲ್ಲ ಅಂತ ನೀವು ಕೇಳಬಹುದು. ನಿಜವಾದ ಗೋಡೆ ನನ್ನ ಉದಾಹರಣೆಯಷ್ಟು ನುಣುಪಾಗಿರುವುದಿಲ್ಲ. ಫೋನುಗಳು ಭಾಗಿಸುವುದೂ ಇಷ್ಟು ಒರಟಾಗಿ, ಅಂದರೆ ಇಷ್ಟು ದೊಡ್ಡ ಸಂಖ್ಯೆಗಳಿಂದ, ಅಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಆ ಫೋಟೊದಲ್ಲಿ ನಿಮ್ಮ ಮಗಳಿದ್ದಾಳೆ. ಅವಳ ಕೂದಲು, ಕಣ್ಣು, ಬಟ್ಟೆಯ ನೇಯ್ಗೆ, ಅಂಚು. ಆ 2.1 ಎಂಬಿಯಲ್ಲಿ ದೊಡ್ಡ ಪಾಲು ಹೋಗಿರುವುದು ಅವಳಿಗೇ. 7.8 ಎಂಬಿಯಲ್ಲಿ ಬಹುಪಾಲು ಹೋಗಿರುವುದು ಎಲೆಗಳಿಗೆ. ಎರಡರಲ್ಲೂ ಅವಳ ಮುಖಕ್ಕೆ ಸಿಕ್ಕಿದ್ದು ಹೆಚ್ಚುಕಡಿಮೆ ಅಷ್ಟೇ ಜಾಗ.

ನೀವೇ ಪರೀಕ್ಷಿಸಿ ನೋಡಬಹುದು. ಫೋನಿಗೆ ಒಂದು ಆಸರೆ ಕೊಟ್ಟು ಅಲುಗದ ಹಾಗೆ ಇಡಿ. ಖಾಲಿ ಗೋಡೆಯ ಒಂದು ಫೋಟೊ ತೆಗೆಯಿರಿ. ಆಮೇಲೆ ಅದೇ ಗೋಡೆಗೆ ಸಣ್ಣ ಅಕ್ಷರಗಳ ಒಂದು ಹಳೇ ಪತ್ರಿಕೆಯ ಹಾಳೆ ಅಂಟಿಸಿ ತೆಗೆಯಿರಿ. ಇನ್ನೊಂದು ಹಾಳೆ ಅಂಟಿಸಿ, ಮತ್ತೆ ತೆಗೆಯಿರಿ. ಹಾಳೆ ಹೆಚ್ಚಿದ ಹಾಗೆ ಫೈಲ್ ಸೈಜ್ ಏರುವುದು ಗ್ಯಾಲರಿಯಲ್ಲೇ ಕಾಣುತ್ತದೆ.

ಇಲ್ಲಿ ಒಂದು ಎಚ್ಚರಿಕೆಯ ಮಾತು ಹೇಳಬೇಕು. ಎಷ್ಟೋ ವರ್ಷದ ಹಿಂದೆ ಫೋನಿನಲ್ಲಿ ಜಾಗ ತುಂಬಿ, ಚಿಕ್ಕ ಫೈಲ್‌ಗಳೆಲ್ಲ ಸರಿಯಾಗಿ ಬಂದಿಲ್ಲದ ಫೋಟೊಗಳು ಅಂದುಕೊಂಡು ಒಟ್ಟಿಗೆ ಅಳಿಸಿಬಿಟ್ಟೆ. ಅದರಲ್ಲಿ ಬೆಳಗಿನ ಮಂಜು ಕವಿದ ಬೆಟ್ಟದ ಫೋಟೊಗಳಿದ್ದವು. ಮಂಜು ಅಂದರೆ ಗೋಡೆಯ ಹಾಗೇ. ಪಕ್ಕದ ಚುಕ್ಕಿಗೂ ಇದಕ್ಕೂ ವ್ಯತ್ಯಾಸವೇ ಇಲ್ಲ. ಹಾಗಾಗಿ ಫೈಲ್ ಚಿಕ್ಕದು. ಆ ಬೆಳಗು ಮತ್ತೆ ಸಿಗಲಿಲ್ಲ. ದಯವಿಟ್ಟು ಸೈಜ್ ನೋಡಿ ಫೋಟೊ ಅಳಿಸಬೇಡಿ.

ಆದರೆ ಸೈಜ್ ನಿಜವಾಗಿಯೂ ಕೆಲಸಕ್ಕೆ ಬರುವ ಒಂದು ಸಂದರ್ಭ ಇದೆ. ಒಂದೇ ದೃಶ್ಯವನ್ನು ಒಂದರ ಹಿಂದೆ ಒಂದರಂತೆ ಹತ್ತು ಸಲ ತೆಗೆದಿದ್ದೀರಿ ಅನ್ನಿ. ಆ ಹತ್ತರಲ್ಲಿ ಫೈಲ್ ದೊಡ್ಡದಿರುವುದು ಸಾಮಾನ್ಯವಾಗಿ ಚೆನ್ನಾಗಿ ಫೋಕಸ್ ಆದದ್ದು. ಕೈ ಅಲುಗಿದರೆ ಅಂಚುಗಳು ಕರಗುತ್ತವೆ. ಅಂಚು ಕರಗಿದರೆ ಬೆಳಕಿನ ಜೋರು ಏರಿಳಿತ ಹೋಗುತ್ತದೆ. ಆಗ ಸೊನ್ನೆಗಳು ಜಾಸ್ತಿ, ಫೈಲ್ ಚಿಕ್ಕದು. ದೃಶ್ಯ, ಬೆಳಕು, ಫೋನು, ಮೂರೂ ಒಂದೇ ಆಗಿದ್ದರೆ ಮಾತ್ರ ಈ ಹೋಲಿಕೆ ನಡೆಯುತ್ತದೆ. ಗೋಡೆಯನ್ನು ಗಿಡದ ಜೊತೆ ಹೋಲಿಸಿದರೆ ನಡೆಯುವುದಿಲ್ಲ.

ಬೆಳಕಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಮಬ್ಬು ಬೆಳಕಿನಲ್ಲಿ ಸೆನ್ಸರ್‌ಗೆ, ಅಂದರೆ ಕ್ಯಾಮೆರಾದೊಳಗೆ ಬೆಳಕು ಹಿಡಿಯುವ ಭಾಗಕ್ಕೆ, ಸಿಗುವ ಬೆಳಕು ಕಡಿಮೆ. ಸಿಕ್ಕಿದ್ದನ್ನೇ ಫೋನ್ ಹಿಗ್ಗಿಸುತ್ತದೆ. ಅದರ ಜೊತೆ ಕಸವೂ ಹಿಗ್ಗುತ್ತದೆ. ಮರಳು ಚೆಲ್ಲಿದ ಹಾಗೆ ಕಾಣುವ ಚುಕ್ಕಿಗಳನ್ನು ನೋಡಿರುತ್ತೀರಿ. ಅದನ್ನು ನಾಯ್ಸ್ ಅನ್ನುತ್ತಾರೆ. ನಾಯ್ಸ್‌ಗೆ ಗೊತ್ತುಗುರಿ ಇಲ್ಲ. ಈ ಚುಕ್ಕಿ ನೋಡಿ ಪಕ್ಕದ್ದನ್ನು ಊಹಿಸಲಾಗದು. ಎಲೆಯ ನರ ಯಾವುದು, ನಾಯ್ಸ್ ಯಾವುದು ಅಂತ ಜೆಪೆಗ್‌ಗೆ ತಿಳಿಯುವುದೂ ಇಲ್ಲ. ಎರಡನ್ನೂ ಅಷ್ಟೇ ನಿಷ್ಠೆಯಿಂದ ಬರೆದಿಡುತ್ತದೆ. ಹಾಗಾಗಿ ಸಂಜೆ ತೆಗೆದ ಒಂದು ಕಳಪೆ ಫೋಟೊ ಹಗಲಿನ ಒಳ್ಳೆಯ ಫೋಟೊಗಿಂತ ದೊಡ್ಡದಿರಬಹುದು. ಅದರಲ್ಲಿ ತುಂಬಿರುವುದು ಬರೀ ಮರಳು.

ಇದರ ಉಲ್ಟಾ ಕೂಡ ಆಗುತ್ತದೆ. ನೈಟ್ ಮೋಡ್ ಹಾಕಿದರೆ ಫೋನ್ ಬೇಗ ಬೇಗ ಹಲವು ಫೋಟೊ ತೆಗೆದು, ಅವನ್ನು ಒಂದರ ಮೇಲೊಂದು ಕೂರಿಸಿ, ಸರಾಸರಿ ಮಾಡುತ್ತದೆ. ಒಂಬತ್ತು ಫೋಟೊಗಳ ಸರಾಸರಿ ತೆಗೆದರೆ ನಾಯ್ಸ್ ಮೂರರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೇಲಿಂದ ಸಾಫ್ಟ್‌ವೇರ್ ಕೂಡ ಉಜ್ಜಿ ನುಣುಪು ಮಾಡುತ್ತದೆ. ಫೈಲ್ ಚಿಕ್ಕದಾಗುತ್ತದೆ. ಕೆಲವು ಫೋನುಗಳು ಇದನ್ನು ಅತಿ ಮಾಡುತ್ತವೆ. ಮುಖದ ಚರ್ಮ ಮೇಣದ ಹಾಗೆ ಕಾಣುತ್ತದೆ. ಬ್ಯೂಟಿ ಮೋಡ್ ಮಾಡುವುದೂ ಅದನ್ನೇ. ಮಕ್ಕಳ ಫೋಟೊ ತೆಗೆಯುವಾಗ ಅದನ್ನು ಆಫ್ ಮಾಡಿಡಿ ಅಂತ ನನ್ನ ಸಲಹೆ. ಆ ಮುಖಕ್ಕೆ ಏನೂ ಉಜ್ಜಬೇಕಿಲ್ಲ.

ಜೂಮ್ ಇನ್ನೊಂದು ಕಾರಣ. ದೂರದ್ದಕ್ಕೇ ಅಂತ ಬೇರೆ ಲೆನ್ಸ್ ಇಲ್ಲದ ಫೋನಿನಲ್ಲಿ 4 ಪಟ್ಟು ಜೂಮ್ ಮಾಡಿದರೆ ಆಗುವುದು ಇಷ್ಟು. ನಡುವಿನ ಹದಿನಾರರಲ್ಲೊಂದು ಭಾಗ ಕತ್ತರಿಸಿ, ಅದನ್ನೇ ಹಿಗ್ಗಿಸಿ ಮತ್ತೆ 12 ಮೆಗಾಪಿಕ್ಸೆಲ್ ಮಾಡುತ್ತದೆ. ಅಸಲಿ ಚುಕ್ಕಿಗಳು ಸುಮಾರು 7.6 ಲಕ್ಷ ಮಾತ್ರ. ಉಳಿದದ್ದೆಲ್ಲ ಅಕ್ಕಪಕ್ಕ ನೋಡಿ ತುಂಬಿಸಿದ್ದು. ಅಕ್ಕಪಕ್ಕ ನೋಡಿ ತುಂಬಿಸಿದ್ದನ್ನು ಊಹಿಸುವುದು ಸುಲಭ, ಹಾಗಾಗಿ ಫೈಲೂ ಚಿಕ್ಕದು. ಇಲ್ಲೂ ಚಿಕ್ಕ ಸೈಜ್ ಅಂದರೆ ನಿಜಕ್ಕೂ ವಿವರ ಕಮ್ಮಿ ಅಂತಲೇ ಅರ್ಥ. ಆದಷ್ಟು ಹತ್ತಿರ ನಡೆದು ಹೋಗಿ ತೆಗೆಯಿರಿ.

ಈಗ ನಿಮ್ಮ ತಂಗಿಯ ಫೋನಿಗೆ ಬರೋಣ. 50 ಮೆಗಾಪಿಕ್ಸೆಲ್ ಅಂತ ಬರೆದಿದ್ದರೂ ಅದು ಮಾಮೂಲಿಯಾಗಿ ಕೊಡುವುದು 12.5 ಮೆಗಾಪಿಕ್ಸೆಲ್ ಫೋಟೊ. ಅಕ್ಕಪಕ್ಕದ ನಾಲ್ಕು ಪುಟ್ಟ ಚುಕ್ಕಿಗಳನ್ನು ಸೇರಿಸಿ ಒಂದು ಮಾಡುತ್ತದೆ. ಚುಕ್ಕಿ ಚಿಕ್ಕದಾದಷ್ಟೂ ಅದರೊಳಗೆ ಬೀಳುವ ಬೆಳಕು ಕಡಿಮೆ. ನಾಲ್ಕು ಸೇರಿದರೆ ಬೆಳಕು ಜಾಸ್ತಿ, ನಾಯ್ಸ್ ಕಮ್ಮಿ. 108 ಮೆಗಾಪಿಕ್ಸೆಲ್ ಫೋನುಗಳಲ್ಲಿ ಒಂಬತ್ತನ್ನು ಒಂದು ಮಾಡಿ 12 ಮೆಗಾಪಿಕ್ಸೆಲ್ ಕೊಡುತ್ತವೆ. 200 ಇದ್ದರೆ ಹದಿನಾರನ್ನು ಒಂದು ಮಾಡಿ ಮತ್ತೆ 12.5. ಪೂರ್ತಿ 50 ಬೇಕೆಂದರೆ ಕ್ಯಾಮೆರಾದಲ್ಲಿ ಬೇರೆ ಮೋಡ್ ಆರಿಸಬೇಕು. ಆಗ ಫೈಲ್ ಹಲವು ಪಟ್ಟು ಬೆಳೆಯುತ್ತದೆ. ಒಳ್ಳೆ ಬಿಸಿಲಿನಲ್ಲಿ ತೆಗೆದು ದೊಡ್ಡ ಪ್ರಿಂಟ್ ಹಾಕಿಸುವುದಿದ್ದರೆ ಸರಿ. ದಿನನಿತ್ಯಕ್ಕೆ ಸುಮ್ನೆ ಜಾಗ ದಂಡ.

ಆಕಾರವನ್ನೂ ನೋಡಿ. 4:3ರ ಬದಲು 16:9 ಆರಿಸಿದ್ದರೆ ಫೋನ್ ಸಾಮಾನ್ಯವಾಗಿ ಮೇಲೆ ಕೆಳಗೆ ಕತ್ತರಿಸುತ್ತದೆ. 4000×3000 ಇದ್ದದ್ದು 4000×2250 ಆಗುತ್ತದೆ. 12 ಮೆಗಾಪಿಕ್ಸೆಲ್ 9ಕ್ಕೆ ಇಳಿಯಿತು.

ತಂಗಿಯ ಫೋಟೊ ಚಿಕ್ಕದಿರಲು ಇದಕ್ಕಿಂತ ದೊಡ್ಡ ಕಾರಣ ಇನ್ನೊಂದಿರಬಹುದು. ಅವರ ಫೋನ್ ಜೆಪೆಗ್ ಬದಲು ಎಚ್‌ಇಐಸಿ ರೂಪದಲ್ಲಿ ಉಳಿಸುತ್ತಿರಬಹುದು. ಫೈಲ್ ಹೆಸರಿನ ಕೊನೆ ನೋಡಿದರೆ ಗೊತ್ತಾಗುತ್ತದೆ. ಐಫೋನ್‌ಗಳು 2017ರಲ್ಲಿ, ಐಒಎಸ್ 11ರ ಜೊತೆ, ಇದಕ್ಕೆ ಬದಲಾದವು. ಆಂಡ್ರಾಯ್ಡ್‌ನ ಹಲವು ಫೋನುಗಳಲ್ಲೂ ಈ ಆಯ್ಕೆ ಇದೆ. ಕಣ್ಣಿಗೆ ಅಷ್ಟೇ ಚೆನ್ನಾಗಿ ಕಾಣುವ ಫೋಟೊ ಜೆಪೆಗ್‌ನ ಸುಮಾರು ಅರ್ಧ ಜಾಗದಲ್ಲಿ ಹಿಡಿಯುತ್ತದೆ. ಹೇಗೆ ಅಂದರೆ, ಇದರ ಊಹೆ ಚುರುಕು. ಜೆಪೆಗ್‌ನ ಚೌಕ ಯಾವಾಗಲೂ 8×8. ಎಚ್‌ಇಐಸಿಯಲ್ಲಿ ನುಣುಪಾದ ಕಡೆ ಚೌಕ ದೊಡ್ಡದಾಗುತ್ತದೆ, ವಿವರ ಇರುವ ಕಡೆ ಚಿಕ್ಕದಾಗುತ್ತದೆ. ಅದೂ ಅಲ್ಲದೆ ಒಂದು ಚೌಕ ಬರೆಯುವ ಮೊದಲು ಅಕ್ಕಪಕ್ಕದ ಚೌಕಗಳ ಅಂಚನ್ನು ನೋಡಿ, ಆ ಗೆರೆ ಒಳಗೂ ಹೀಗೇ ಮುಂದುವರಿಯುತ್ತದೆಯೇ ಅಂತ 33 ದಿಕ್ಕುಗಳಲ್ಲಿ ಊಹಿಸುತ್ತದೆ. ಊಹೆಗೂ ನಿಜಕ್ಕೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದಿಡುತ್ತದೆ. ಹಳೇ ಕಂಪ್ಯೂಟರ್‌ಗಳಲ್ಲಿ ಎಚ್‌ಇಐಸಿ ತೆರೆಯದೇ ಇರಬಹುದು. ಆ ತೊಂದರೆ ಇಲ್ಲದಿದ್ದರೆ ನಾನಂತೂ ಅದನ್ನೇ ಇಟ್ಟುಕೊಳ್ಳಿ ಅನ್ನುತ್ತೇನೆ.

ಕೆಲವು ಫೋಟೊಗಳು ಕಾರಣವೇ ಇಲ್ಲದೆ ಊದಿಕೊಂಡ ಹಾಗೆ ಕಾಣುತ್ತವೆ. ಗೋಡೆಯ ಫೋಟೊವೇ 6 ಎಂಬಿ ಇರುತ್ತದೆ. ಆಗ ಒಳಗೆ ಇನ್ನೇನೋ ಕೂತಿದೆ ಅಂತ ಅರ್ಥ. ಆಂಡ್ರಾಯ್ಡ್‌ನಲ್ಲಿ ಮೋಷನ್ ಫೋಟೊ ಆನ್ ಇದ್ದರೆ ಕೆಲವು ಸೆಕೆಂಡಿನ ಒಂದು ವಿಡಿಯೊ ಅದೇ ಫೈಲಿನ ಬಾಲಕ್ಕೆ ಅಂಟಿಕೊಂಡಿರುತ್ತದೆ. ಐಫೋನ್‌ನ ಲೈವ್ ಫೋಟೊದಲ್ಲಿ ವಿಡಿಯೊ ಬೇರೆ ಫೈಲಾಗಿ ಇರುತ್ತದೆ. ಬಟನ್ ಒತ್ತುವ ಮೊದಲಿನ ಒಂದೂವರೆ ಸೆಕೆಂಡ್, ನಂತರದ ಒಂದೂವರೆ ಸೆಕೆಂಡ್ ಅದರಲ್ಲಿರುತ್ತದೆ. ಪೋರ್ಟ್ರೇಟ್ ಮೋಡ್‌ನಲ್ಲಿ ಹಿನ್ನೆಲೆ ಮಸುಕಾಗುವುದರಿಂದ ಫೈಲ್ ಚಿಕ್ಕದಾಗಬೇಕು. ಆದರೆ ಯಾವ ಚುಕ್ಕಿ ಎಷ್ಟು ದೂರ ಅನ್ನುವ ನಕ್ಷೆಯನ್ನೂ ಕೆಲವು ಫೋನುಗಳು ಜೊತೆಗೇ ಇಡುತ್ತವೆ. ಆಂಡ್ರಾಯ್ಡ್ 14ರಿಂದ ಅಲ್ಟ್ರಾ ಎಚ್‌ಡಿಆರ್ ಬಂದಿದೆ. ಹೊಳಪಿನ ಪರದೆಗಾಗಿ ಬೆಳಕಿನ ಇನ್ನೊಂದು ನಕ್ಷೆ ಅದರಲ್ಲಿ ಸೇರಿರುತ್ತದೆ. ದಿನಾಂಕ, ಸಮಯ, ಜಾಗ, ಲೆನ್ಸ್ ಇತ್ಯಾದಿ ವಿವರಗಳೂ ಇರುತ್ತವೆ. ಸೈಜ್ ಮಟ್ಟಿಗೆ ಅವು ಲೆಕ್ಕಕ್ಕಿಲ್ಲ, ಕೆಲವು ಕೆಬಿ ಅಷ್ಟೇ. ಆದರೆ ಗೊತ್ತಿಲ್ಲದವರಿಗೆ ಫೋಟೊ ಕಳಿಸುವಾಗ ಜಾಗದ ವಿವರ ತೆಗೆದು ಕಳಿಸಿ. ಮಕ್ಕಳ ಫೋಟೊ ಇದ್ದರಂತೂ ಮರೆಯಬೇಡಿ.

ವಾಟ್ಸಾಪ್‌ನ 200 ಕೆಬಿ ಕಥೆ ಬೇರೆ. ಅದು ಎರಡು ಕಡೆಯಿಂದ ಕತ್ತರಿ ಹಾಕುತ್ತದೆ. ಮಾಮೂಲಿ ಕ್ವಾಲಿಟಿಯಲ್ಲಿ ಕಳಿಸಿದರೆ ಮೊದಲು ಫೋಟೊವನ್ನೇ ಸುಮಾರು 1600×1200ಕ್ಕೆ ಇಳಿಸುತ್ತದೆ. 1.2 ಕೋಟಿ ಚುಕ್ಕಿ ಇದ್ದದ್ದು 19.2 ಲಕ್ಷ ಆಯಿತು. ಆಮೇಲೆ ಜೆಪೆಗ್‌ನ ಭಾಗಿಸುವ ಕೋಷ್ಟಕವನ್ನೂ ಒರಟು ಮಾಡುತ್ತದೆ. ಸೊನ್ನೆಗಳು ಜಾಸ್ತಿಯಾಗುತ್ತವೆ. ಹಾಗಿದ್ದರೂ ನಿಮಗೆ ವ್ಯತ್ಯಾಸ ಕಾಣಲಿಲ್ಲ. ಯಾಕೆ ಅಂದರೆ ಪರದೆಯೇ ಅಷ್ಟು. ಫೋನಿನ ಪರದೆ 1080 ಚುಕ್ಕಿ ಅಗಲ ಇದೆ ಅನ್ನಿ. ಫೋನನ್ನು ನೆಟ್ಟಗೆ ಹಿಡಿದು ನಿಮ್ಮ ಫೋಟೊ ತೆರೆದರೆ ಅದು 1080×1440 ಚುಕ್ಕಿಗಳಲ್ಲಿ ಕಾಣುತ್ತದೆ. ಅಂದರೆ ಸುಮಾರು 15.5 ಲಕ್ಷ. ವಾಟ್ಸಾಪ್ ಉಳಿಸಿದ್ದು ಅದಕ್ಕಿಂತ ಜಾಸ್ತಿಯೇ. ಎರಡೂ ಫೋಟೊಗಳನ್ನು ಬೆರಳಿನಿಂದ ಹಿಗ್ಗಿಸಿ, ಕಣ್ಣಿನ ಹತ್ತಿರ ಹೋಗಿ ನೋಡಿ. ಆಗ ಬಣ್ಣ ಬಯಲಾಗುತ್ತದೆ. 2023ರಿಂದ ಎಚ್‌ಡಿ ಆಯ್ಕೆಯೂ ಇದೆ. ಅದರಲ್ಲೂ ಕುಗ್ಗುತ್ತದೆ, ಇಷ್ಟು ಕುಗ್ಗುವುದಿಲ್ಲ. ಇದ್ದದ್ದು ಇದ್ದ ಹಾಗೇ ತಲುಪಬೇಕಾದರೆ ಫೋಟೊವನ್ನು ಡಾಕ್ಯುಮೆಂಟ್ ಆಗಿ ಕಳಿಸಿ.

ನೀವು ಕೇಳಿಲ್ಲ, ಆದರೆ ಮುಂದೆ ನಿಮಗೆ ಖಂಡಿತ ಎದುರಾಗುವ ಒಂದು ಗೊಂದಲ ಇದೆ. ಫೋಟೊ ಕ್ರಾಪ್ ಮಾಡುತ್ತೀರಿ, ಉಳಿಸುತ್ತೀರಿ, ನೋಡಿದರೆ ಸೈಜ್ ಮೊದಲಿಗಿಂತ ಜಾಸ್ತಿ! ಕತ್ತರಿಸಿದರೆ ಬೆಳೆಯುವುದು ಹೇಗೆ? ಕ್ಯಾಮೆರಾ ಒಂದು ಕೋಷ್ಟಕದಿಂದ ಭಾಗಿಸಿ ಉಳಿಸಿರುತ್ತದೆ, ಎಡಿಟಿಂಗ್ ಆ್ಯಪ್ ಅದಕ್ಕಿಂತ ನಯವಾದ ಕೋಷ್ಟಕದಿಂದ ಉಳಿಸುತ್ತದೆ. ಹೆಚ್ಚು ಅಂಕಿಗಳು ಉಳಿಯುತ್ತವೆ, ಫೈಲ್ ಬೆಳೆಯುತ್ತದೆ. ಹೊಸ ವಿವರ ಮಾತ್ರ ಒಂದಿಷ್ಟೂ ಬರುವುದಿಲ್ಲ. 200 ಕೆಬಿಯ ವಾಟ್ಸಾಪ್ ಫೋಟೊವನ್ನು ಹೀಗೆ 1 ಎಂಬಿ ಮಾಡಿ "ಒಳ್ಳೆ ಕ್ವಾಲಿಟಿ" ಅಂತ ಕಳಿಸುವವರಿದ್ದಾರೆ. ಒಮ್ಮೆ ಎಸೆದ ಅಂಕಿ ಎಸೆದದ್ದೇ. ಅದು ಮರಳಿ ಬರುವುದಿಲ್ಲ. ಆದ್ದರಿಂದ ಎಡಿಟ್ ಮಾಡುವಾಗಲೆಲ್ಲ ಮೂಲ ಫೋಟೊದಿಂದಲೇ ಶುರು ಮಾಡಿ.

ಸ್ಕ್ರೀನ್‌ಶಾಟ್‌ಗಳು ಬಹಳಷ್ಟು ಫೋನುಗಳಲ್ಲಿ ಪಿಎನ್‌ಜಿ ರೂಪದಲ್ಲಿರುತ್ತವೆ. ಅದು ಯಾವ ಅಂಕಿಯನ್ನೂ ಎಸೆಯುವುದಿಲ್ಲ. ಬರೀ ಅಕ್ಷರ ಇರುವ ಪರದೆ ಚಿಕ್ಕ ಫೈಲ್ ಆಗುತ್ತದೆ, ಫೋಟೊ ತೆರೆದಿದ್ದ ಪರದೆ ದೊಡ್ಡದಾಗುತ್ತದೆ. ರಾ ಮೋಡ್‌ನಲ್ಲಿ ತೆಗೆದರೆ ಸೆನ್ಸರ್ ಕಂಡದ್ದನ್ನು ಹೆಚ್ಚುಕಡಿಮೆ ಹಾಗೇ ಇಡುತ್ತಾರೆ. ಐಫೋನ್‌ನ ಪ್ರೊರಾ 12 ಮೆಗಾಪಿಕ್ಸೆಲ್‌ಗೆ ಸುಮಾರು 25 ಎಂಬಿ, 48ಕ್ಕೆ ಸುಮಾರು 75 ಎಂಬಿ. ಕೂತು ಎಡಿಟ್ ಮಾಡುವ ಆಸೆ ಇರುವವರಿಗೆ ಮಾತ್ರ ಅದು. ಇನ್ನು, ಫೋನಿನಲ್ಲಿ 7.8 ಎಂಬಿ ಇದ್ದದ್ದು ಕಂಪ್ಯೂಟರ್‌ಗೆ ಹಾಕಿದಾಗ 7.44 ಅಂತ ತೋರಿಸಿದರೆ ಏನೂ ಕಳೆದುಹೋಗಿಲ್ಲ. ಒಂದು ಕಡೆ ಕೆಬಿ ಅಂದರೆ 1000 ಬೈಟ್, ವಿಂಡೋಸ್‌ನಲ್ಲಿ 1024 ಬೈಟ್. ಲೆಕ್ಕದ ಪದ್ಧತಿ ಬೇರೆ, ಫೈಲ್ ಅದೇ.

ಯಾವುದಾದರೂ ಅರ್ಜಿಗೆ 50 ಕೆಬಿ ಒಳಗಿನ ಫೋಟೊ ಕೇಳಿದಾಗಲೂ ಈ ತಿಳಿವಳಿಕೆ ಕೈ ಹಿಡಿಯುತ್ತದೆ. ಹೆಚ್ಚಿನವರು 12 ಮೆಗಾಪಿಕ್ಸೆಲ್ ಫೋಟೊವನ್ನು ಹಾಗೇ ಇಟ್ಟು ಕ್ವಾಲಿಟಿಯನ್ನು ಮಾತ್ರ ಇಳಿಸುತ್ತಾ ಹೋಗುತ್ತಾರೆ. ಮುಖ ಚೌಕ ಚೌಕವಾಗಿ ಒಡೆದು ಕಾಣುತ್ತದೆ. ಒಡೆದು ಕಾಣುವ ಆ ಚೌಕಗಳೇ ಜೆಪೆಗ್‌ನ 8×8. ಹಾಗೆ ಮಾಡದೆ ಮೊದಲು ಅಳತೆ ಇಳಿಸಿ. 35×45 ಮಿಲಿಮೀಟರ್ ಫೋಟೊಗೆ ಇಂಚಿಗೆ 300 ಚುಕ್ಕಿಯಂತೆ 413×531 ಸಾಕು. ಹಿನ್ನೆಲೆ ಬಿಳಿ ಗೋಡೆಯಾಗಿದ್ದರೆ ಮುಖವನ್ನು ಕೆಡಿಸದೆ ಸುಲಭವಾಗಿ 50 ಕೆಬಿಯೊಳಗೆ ತರಬಹುದು.

ಕೊನೆಗೆ ನಿಮ್ಮ ಫ್ರೇಮ್. 12 ಇಂಚಿಗೆ 4032 ಚುಕ್ಕಿ ಅಂದರೆ ಇಂಚಿಗೆ 336. ಒಳ್ಳೆಯ ಪ್ರಿಂಟ್‌ಗೆ ಇಂಚಿಗೆ 300 ಇದ್ದರೆ ಸಾಕು. ಹಾಗಾಗಿ ಈ ಲೆಕ್ಕದಲ್ಲಿ ನಿಮ್ಮ ಎರಡೂ ಫೋಟೊ ಪಾಸು. ವಾಟ್ಸಾಪ್‌ನಲ್ಲಿ ಹೋಗಿ ಬಂದ ಪ್ರತಿಯನ್ನು ಮಾತ್ರ ಕೊಡಬೇಡಿ. ಅದರಲ್ಲಿ ಇಂಚಿಗೆ 133 ಚುಕ್ಕಿಯಷ್ಟೇ ಸಿಗುತ್ತದೆ. ಮೂಲ ಫೈಲನ್ನು ಕೇಬಲ್‌ನಿಂದಲೋ ಡಾಕ್ಯುಮೆಂಟ್ ಆಗಿಯೋ ಕೊಡಿ. ಕೊಡುವ ಮೊದಲು ಒಂದು ಕೆಲಸ ಮಾಡಿ. ಗೋಡೆಯ ಮುಂದಿನ ಫೋಟೊ ತೆರೆದು, ಮಗಳ ಕಣ್ಣಿನವರೆಗೂ ಹಿಗ್ಗಿಸಿ. ರೆಪ್ಪೆಯ ಕೂದಲು ಬಿಡಿಬಿಡಿಯಾಗಿ ಕಾಣುತ್ತಿದ್ದರೆ ಆ 2.1 ಎಂಬಿಯ ಫೋಟೊವನ್ನೇ ಪ್ರಿಂಟಿಗೆ ಕೊಡಿ.